ಬೀರಪ್ಪನ ಗೆಣ್ಣು

ಹುಕ್ಕೇರಿಯ ಬಸ್ಸು ಗೋಕಾಕ ನಿಲ್ದಾಣದಿಂದ ಹೊರಬೀಳುವ ಹೊತ್ತಿಗೆ ದ್ರಾಕ್ಷಾಯಿಣಿಯ ಎಡಗೈ ಅಂಕಿಗಳಿಂದ ತುಂಬಿಹೋಗಿತ್ತು. ಕಿರುಬೆರಳಿನ ಬುಡದಿಂದ ಹಿಡಿದು ತೋರುಬೆರಳಿನ ತುದಿಯವರೆಗೆ, ನಾಲ್ಕು ಬೆರಳಿಗೆ ಮೂರು ಮೂರರಂತೆ ಹನ್ನೆರಡು ಗೆಣ್ಣು, ಗೆಣ್ಣಿಗೊಂದು ಸಂಖ್ಯೆ, ನೀಲಿ ಬಾಲ್‌ಪೆನ್ನಿನಲ್ಲಿ, ಸಾಸಿವೆಯಷ್ಟು ಸಣ್ಣಗೆ. ಬೆಳಿಗ್ಗೆ ರೊಟ್ಟಿ ಬಡಿಯುವುದು ಮುಗಿಯುವ ಮೊದಲೇ ಕೈ ತೊಳೆದು ಬರೆದುಕೊಳ್ಳತೊಡಗಿದ್ದಳು, ಅಷ್ಟು ಅವಸರ. ಹಂಚಿನ ಮೇಲಿದ್ದ ಕಡೆಯ ರೊಟ್ಟಿ ಹೊತ್ತಿ ಕರಿಕಾಯಿತು. ಗಂಡ ಪಾಪ, ಅದನ್ನೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತ, "ಅದೊಂದು ಒಡದ್ರ ನಮ್ಮ ಮನ್ಯಾಗೂ ಛಲೋ ರೊಟ್ಟಿ ಸಿಕ್ಕಾವು" ಎಂದಿದ್ದ. ಅವಳು ನಕ್ಕಿರಲಿಲ್ಲ. ಇವತ್ತು ಕಡೆಯ ದಿನ. ಮಧ್ಯಾಹ್ನದ ಊಟದ ಗಂಟೆಯೊಳಗೆ ಅದು ಅವಳ ಕೈಯಿಂದಲೇ ಒಡೆಯಬೇಕು. ಇಲ್ಲವಾದರೆ ಹುಕ್ಕೇರಿಯ ತರಬೇತಿ ಹಾಲಿನಲ್ಲಿ ಕಾಶಿನಾಥ ಸರ್ ಜೇಬಿನಿಂದ ಮೊಬೈಲು ತೆಗೆದು ಎಲ್ಲರಿಗೂ ಉತ್ತರ ಓದಿ ಹೇಳಿಬಿಡುತ್ತಾರೆ. ಹೇಳಿದ ಮೇಲೆ ಅದರಲ್ಲಿ ಏನು ಉಳಿಯುತ್ತದೆ. ತನಗೆ ಆಗುತ್ತಿರುವುದು ಹೆದರಿಕೆಯೋ ಹಿಗ್ಗೋ ಅವಳಿಗೇ ತಿಳಿಯಲಿಲ್ಲ, ಕಿಟಕಿಯ ಸೀಟು ಸಿಕ್ಕಿದ್ದು ಮಾತ್ರ ಪುಣ್ಯ ಅಂದುಕೊಂಡಳು.

ಅದು ಅಂದರೆ ಹನ್ನೊಂದು ಒಂದು. ಬೇರೇನೂ ಇಲ್ಲ, ಒಂದರ ಪಕ್ಕ ಒಂದು, 11111111111. ಓದಬೇಕೆಂದರೆ ಸಾವಿರದ ನೂರಾ ಹನ್ನೊಂದು ಕೋಟಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. ಓದುವುದೇ ಬೇಡ, ನೋಡಬೇಕು ಅದನ್ನು. ನೋಡಿದರೆ ಯಾರಿಗಾದರೂ ಇದು ಒಡೆಯುವ ಜಾತಿಯದಲ್ಲ ಅನ್ನಿಸಬೇಕು. ಎಲ್ಲಿ ಕೈ ಹಾಕಿದರೂ ನುಣುಪು. ಮೂರು ಒಂದುಗಳನ್ನು ಒಂಬತ್ತನೇ ಇಯತ್ತೆಯ ಮಕ್ಕಳೂ ಒಡೆಯುತ್ತಾರೆ, ಮೂರು ಮೂವತ್ತೇಳಲೇ ನೂರಾ ಹನ್ನೊಂದು. ಐದು ಒಂದುಗಳನ್ನು ಅವಳು ಕಾಲೇಜಿನಲ್ಲಿದ್ದಾಗ ಒಂದು ಸಂಜೆ ಒಡೆದಿದ್ದಳು. ಏಳು ಒಂದುಗಳು 239ಕ್ಕೆ ಒಡೆದ ದಿನ ಹಾಸ್ಟೆಲ್ಲಿನ ಗೆಳತಿಯರಿಗೆಲ್ಲ ಕರದಂಟು ಹಂಚಿದ್ದಳು, ಯಾತಕ್ಕೆ ಎಂದು ಕೇಳಿದವರಿಗೆ ಸುಮ್ಮನೆ ಎಂದಿದ್ದಳು. ಹನ್ನೊಂದು ಒಂದುಗಳು ಮಾತ್ರ ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದವು. ಮದುವೆ, ನೌಕರಿ, ಮೂಡಲಗಿಯ ಸಾಲಿ, ದಿನಾ ಗೋಕಾಕದಿಂದ ಮೂಡಲಗಿಗೆ, ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸು. ಈ ದಸರೆಯ ಸೂಟಿಯಲ್ಲಿ ಅದು ಏಕಾಏಕಿ ಮತ್ತೆ ನೆನಪಾಯಿತು, ಒಲೆಯ ಮುಂದೆ ಕೂತಾಗ. ಅವತ್ತಿನಿಂದ ಅವಳ ತಲೆ ಅವಳದಾಗಿ ಉಳಿದಿಲ್ಲ.

ಹೋದ ತಿಂಗಳು ಗೋಕಾಕದಲ್ಲಿ ಗಣಿತ ವಿಜ್ಞಾನ ಶಿಕ್ಷಕರ ತರಬೇತಿ. ಭಾಜ್ಯತೆಯ ಪಾಠವನ್ನು ಹೇಗೆ ಮಾಡಬೇಕು ಎಂಬ ಮಾತು ಬಂದಾಗ ಅವಳು ಎದ್ದು ನಿಂತು ಇದನ್ನು ಹೇಳಿಬಿಟ್ಟಳು. ಹನ್ನೊಂದು ಒಂದುಗಳ ಸಂಖ್ಯೆಯನ್ನು ನಾನು ಒಡೆಯುತ್ತಿದ್ದೇನೆ, ಕೈಯಿಂದಲೇ, ಕ್ಯಾಲ್ಕುಲೇಟರ್ ಮುಟ್ಟದೆ. ಹೇಳುವಾಗ ಧ್ವನಿ ಸ್ವಲ್ಪ ಏರಿತ್ತು. ಮುಂದೆ ನಿಂತಿದ್ದ ಕಾಶಿನಾಥ ಸರ್, ಹುಕ್ಕೇರಿಯ ಹೈಸ್ಕೂಲಿನ ಗಣಿತದವರು, ತರಬೇತಿ ಕೊಡಲು ಬಂದವರು, ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಅಲ್ರಿ ಟೀಚರ, ಮೊಬೈಲಿಗೆ ಕೇಳಿದ್ರ ಕಣ್ಣ ಮಿಟಕಸೂದ್ರಾಗ ಹೇಳತೈತೆಲ್ರಿ" ಎಂದರು. ಹಾಲಿಗೆ ಹಾಲೇ ನಕ್ಕಿತು. ನಗೆ ಕೆಟ್ಟದ್ದೇನಲ್ಲ, ಊಟದ ಮುಂಚಿನ ಹಸಿದವರ ನಗೆ. ಆದರೂ ಅವಳ ಕಿವಿಯ ತುದಿ ಸುಟ್ಟಿತು. ಯಾರೋ ಆಗಲೇ ಮೊಬೈಲು ತೆಗೆಯುತ್ತಿದ್ದರು. "ದಯಮಾಡಿ ಹೇಳಬ್ಯಾಡ್ರಿ," ಎಂದಳು ಅವಳು, ಸಣ್ಣ ಹುಡುಗಿಯ ಹಾಗೆ ಎರಡೂ ಕೈ ಮುಂದೆ ಮಾಡಿ, "ಹುಕ್ಕೇರಿ ಟ್ರೇನಿಂಗ್ ತನಕ ಟೈಮ್ ಕೊಡ್ರಿ, ನಾ ಒಡದ ತೋರಸ್ತೀನಿ." ಕಾಶಿನಾಥ ಸರ್ ಒಪ್ಪಿದರು. ಹುಕ್ಕೇರಿಯಲ್ಲಿ ಊಟದ ಗಂಟೆಯ ತನಕ ಯಾರೂ ಬಾಯಿ ಬಿಡಬಾರದು, ಗಂಟೆ ಬಾರಿಸಿದ ಮೇಲೆ ತಾವೇ ಓದಿ ಹೇಳುವುದು ಎಂದು ಎಲ್ಲರ ಮುಂದೆ ಕರಾರಾಯಿತು. ಒಪ್ಪುವಾಗ ಅವರ ತುಟಿ ಓರೆಯಾಗಿತ್ತೋ ಏನೋ. ಆ ತುಟಿ ಒಂದು ತಿಂಗಳಿನಿಂದ ಅವಳ ಕಣ್ಣ ಮುಂದೆ ಇದೆ. ಮುಗುಳು ನಗುತ್ತ ಅವರು ಮೊಬೈಲು ಎತ್ತುವುದನ್ನು ಅವಳು ಎಷ್ಟು ಸಲ ನೋಡಿದ್ದಾಳೋ, ಪಾತ್ರೆ ತಿಕ್ಕುವಾಗ, ತಲೆ ಬಾಚಿಕೊಳ್ಳುವಾಗ.

ಕೆಲಸದ ರೀತಿಯೇನೋ ಸರಳ. ಇದು ಒಡೆದರೆ ಅವಿಭಾಜ್ಯ ಸಂಖ್ಯೆಯಿಂದ ಒಡೆಯಬೇಕು, ಅದರಲ್ಲೂ ಇಪ್ಪತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯುವಂಥ ಅವಿಭಾಜ್ಯದಿಂದ ಮಾತ್ರ. ಅದನ್ನು ಓದಿ, ತಾನೇ ಬಿಡಿಸಿ ನೋಡಿ ಖಾತ್ರಿ ಮಾಡಿಕೊಂಡಿದ್ದಳು. ಅಂಥ ಸಂಖ್ಯೆಗಳನ್ನು ಆರಿಸುತ್ತ, ಒಂದೊಂದರಿಂದ ಭಾಗಿಸುತ್ತ ಮೇಲೆ ಹೋಗಬೇಕು. ಶೇಷ ಉಳಿದರೆ ಅದು ಅಲ್ಲ, ಮುಂದಿನದು. ಸಣ್ಣ ಸಂಖ್ಯೆಗಳನ್ನು ಸಾಲಿ ಬಿಟ್ಟ ಮೇಲೆ ಖಾಲಿ ಕ್ಲಾಸಿನ ಹಲಗೆಯ ಮೇಲೆ ಮುಗಿಸಿದ್ದಳು. ದೊಡ್ಡವು ಬಂದಂತೆ ಬಸ್ಸಿಗೆ ವರ್ಗವಾದವು. ಕೈಮೇಲೆ ಹನ್ನೆರಡು ಬರೆದುಕೊಂಡು, ಹೆಬ್ಬೆರಳಿನಿಂದ ಒಂದೊಂದು ಗೆಣ್ಣನ್ನು ಒತ್ತುತ್ತ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಭಾಗಾಕಾರ. ಮುಗಿದವನ್ನು ಸಂಜೆ ಸಾಬೂನು ಹಚ್ಚಿ ತೊಳೆಯುವುದು. ಮಕ್ಕಳು ನೋಡಿ ನಕ್ಕರು. "ಟೀಚರ ಕಾಪಿ ಹೊಡ್ಯಾಕತ್ತಾರ" ಎಂದು ಹಿಂದಿನ ಬೆಂಚಿನಿಂದ ಪಿಸುಮಾತು ಬಂದಾಗ ಅವಳಿಗೂ ನಗೆ ಬಂದಿತ್ತು. ಆದರೆ ಹೆಡ್‌ಮಾಸ್ತರು ಒಂದು ದಿನ ಹಾಜರಿಗೆ ಸಹಿ ಮಾಡುವ ಅವಳ ಕೈಯನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿ, ಏನೂ ಕೇಳದೆ ಮುಖ ತಿರುಗಿಸಿದಾಗ ಮಾತ್ರ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಹುಚ್ಚು ಹಿಡಿದಿದೆ ಅಂದುಕೊಂಡರೇನೋ. ಹಿಡಿದೂ ಇರಬಹುದು, ಸಾಲಿಯಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಆತೇನ್ರಿ?" ಎಂದು ಕೇಳಿದಳು ಪಕ್ಕದಲ್ಲಿ ಕೂತಿದ್ದ ಕಸ್ತೂರಿ. ಅದೇ ಸಾಲಿಯ ವಿಜ್ಞಾನದ ಟೀಚರು, ಅವಳೂ ತರಬೇತಿಗೆ ಹೊರಟವಳು, ಸೇಂಗಾ ಸುಲಿಯುತ್ತಿದ್ದಳು.

"ಇನ್ನೂ ಇಲ್ರಿ. ಇಪ್ಪತ್ತೆರಡು ಸಾವಿರ ದಾಟೇತಿ ಇವತ್ತ."

"ಎಲ್ಲೀತನಕ ಹೋಗೂದೈತಿ ಇದು?"

"ಒಂದು ಲಕ್ಷದ ಐದು ಸಾವಿರದ ತನಕ. ಅಲ್ಲೀಮಟ ಒಡೀಲಿಲ್ಲಂದ್ರ ಅದು ಒಡಿಯೂದs ಇಲ್ಲ."

ಕಸ್ತೂರಿ ಸೇಂಗಾದ ಸಿಪ್ಪೆಯನ್ನು ಕಿಟಕಿಯಿಂದ ಆಚೆ ಊದಿ, "ಹುಕ್ಕೇರಿ ಅಷ್ಟು ದೂರ ಇಲ್ರಿ" ಎಂದಳು. ಪ್ರೀತಿಯಿಂದಲೇ ಅಂದದ್ದು. ನಾಲ್ಕು ಕಾಳು ಕೈಗೆ ಹಾಕಿದಳು ಕೂಡ, ಅಂಕಿ ಇಲ್ಲದ ಬಲಗೈಗೆ. ದ್ರಾಕ್ಷಾಯಿಣಿಗೆ ಗೊತ್ತಿತ್ತು, ಲಕ್ಷದ ತನಕ ಹೋಗಲು ವರ್ಷವೇ ಬೇಕು. ಕೈಯಲ್ಲಿರುವುದು ಒಂದು ಪ್ರಯಾಣ. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಮಹಿಳೆಯರ ಟಿಕೆಟ್ಟನ್ನು ಬಳೆಯ ಸಂದಿಗೆ ಸಿಕ್ಕಿಸಿ ಅವಳು ಕಣ್ಣು ಮುಚ್ಚಿದಳು. ಘಟಪ್ರಭಾ ಬರುವಷ್ಟರಲ್ಲಿ ಕಿರುಬೆರಳೂ ಉಂಗುರದ ಬೆರಳೂ ಮುಗಿದವು, ಎಲ್ಲಕ್ಕೂ ಶೇಷ. ನಡುಬೆರಳು ಶೇಷ. ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಹಾಡು ಹಚ್ಚಿಕೊಂಡು ರಸ್ತೆಯ ತುಂಬ ಓಲಾಡುತ್ತ ಹೊರಟಿತ್ತು. ಬಸ್ಸು ಅದರ ಬಾಲ ಹಿಡಿದು ತೆವಳಿತು. ಇನ್ನೂ ನಿಧಾನ ಹೋಗಲಿ, ಇನ್ನೂ ಹತ್ತು ಟ್ರ್ಯಾಕ್ಟರು ಅಡ್ಡ ಬರಲಿ ಎಂದು ಹಾರೈಸಿದವಳು ಆ ಬಸ್ಸಿನಲ್ಲಿ ಅವಳೊಬ್ಬಳೇ. ತೋರುಬೆರಳಿನ ತುದಿಗೂ ಶೇಷವೇ ಉಳಿಯಿತು. ಮುಗಿಯಿತು, ಇವತ್ತಿನ ಪಾಲು ಮುಗಿಯಿತು. ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು.

ಘೋಡಗೇರಿಗೆ ಹೋಗುವ ದಾರಿ ಕೂಡುವಲ್ಲಿ ಕುರಿಗಳು ರಸ್ತೆ ದಾಟುತ್ತಿದ್ದವು. ಕಬ್ಬು ಕಡಿದು ಖಾಲಿಯಾದ ಹೊಲಕ್ಕೆ ಇಳಿಯುತ್ತಿದ್ದ ಹಿಂಡು. ಕೋಲು ಅಡ್ಡ ಹಿಡಿದು ಬಸ್ಸನ್ನು ನಿಲ್ಲಿಸಿದವನು ಅವಳ ತಮ್ಮ ಮಾಲಿಂಗ. ಆಚೆ, ಹೊಲದ ಮುಳ್ಳುಬೇಲಿಯ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ಅವಳ ಅಪ್ಪ ಖಂಡೆಪ್ಪ, ಕಂಬಳಿ ಹೆಗಲ ಮೇಲೆ, ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಸಂದಿಯಿಂದ ಒಂದೊಂದಾಗಿ ಒಳಗೆ ಹೋಗುವ ಕುರಿಯ ಬೆನ್ನನ್ನು ಅಂಗೈಯಿಂದ ಮುಟ್ಟಿ ಮುಟ್ಟಿ ಬಿಡುತ್ತಿದ್ದ. ಕಣ್ಣು ಹೋದ ಮೇಲೂ ಎಣಿಕೆ ಅವನದೇ.

"ಯಾರ್ರಿ, ನಿಮ್ಮ ಕಡೆಯವರೇನು? ನೀವು ಹಂಗ ನೋಡಾಕತ್ತೀರಿ," ಎಂದಳು ಕಸ್ತೂರಿ.

ದ್ರಾಕ್ಷಾಯಿಣಿಯ ಬಾಯಿ ಒಂದು ಉಸಿರಿನಷ್ಟು ತಡೆಯಿತು. ಆ ತಡೆಯನ್ನು ಕಸ್ತೂರಿ ಗಮನಿಸಿದಳೋ ಇಲ್ಲವೋ, ಅವಳಿಗೆ ಮಾತ್ರ ಅದು ಕೆನ್ನೆಗೆ ಹೊಡೆದಂತಾಯಿತು. ಥೂ, ಏನು ಹೆಣ್ಣು ನಾನು ಅಂದುಕೊಂಡಳು. "ನಮ್ಮಪ್ಪ ರಿ. ಅವ ನಮ್ಮ ತಮ್ಮ," ಎಂದು ಹೇಳಿ, ಹೇಳಿದ್ದಕ್ಕೆ ಪರಿಹಾರವೆಂಬಂತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದಳು, "ಮಾಲಿಂಗಾ."

ಮಾಲಿಂಗ ತಿರುಗಿ ನೋಡಿ, ಹಲ್ಲು ಬಿಟ್ಟು ಕಿಟಕಿಯ ಹತ್ತಿರ ಬಂದ. "ಅಕ್ಕಾ, ಎಲ್ಲಿಗೆ ಹೊಂಟೀಯೆ?"

"ಹುಕ್ಕೇರಿಗೋ. ಟ್ರೇನಿಂಗ್ ಐತಿ. ಅಪ್ಪ ಹೆಂಗದಾನು?"

"ಅವಗೇನಾಗೇತಿ. ನನಗs ಬೈಕೋತ ಅದಾನ." ಅವನು ಅಪ್ಪನ ಕಡೆ ಕೂಗಿ ಹೇಳಿದ, "ಯಪ್ಪಾ, ಅಕ್ಕ ಬಸ್ಸಿನ್ಯಾಗ ಅದಾಳೋ."

ಖಂಡೆಪ್ಪ ಮುಖ ಎತ್ತಿದ, ಬಸ್ಸಿನ ಕಡೆಗಲ್ಲ, ಸದ್ದು ಬಂದ ಕಡೆ ಎಲ್ಲಿಗೋ. "ಯಾರು, ದಾಕ್ಷವ್ವನs? ತಡಿಯಂತ ಹೇಳು. ನಡುವ ಮಾತಾಡಿಸಿ ಎಣಿಕಿ ತಪ್ಪಿಸಿದಿ ನೋಡು. ತಿರುಗಿ ಬಿಡು, ತಿರುಗಿ."

ಮಾಲಿಂಗ ಗೊಣಗುತ್ತ ಹೋಗಿ ಒಳಗೆ ಇಳಿದಿದ್ದ ನಾಲ್ಕಾರು ಕುರಿಗಳನ್ನು ಹಿಂದಕ್ಕೆ ಅಟ್ಟಿಕೊಂಡು ಬಂದ. ಬಸ್ಸಿನ ಡ್ರೈವರು ಹಾರ್ನ್ ಒತ್ತಿದ. ಎಣಿಕೆ ಮೊದಲಿನಿಂದ ಶುರುವಾಯಿತು. ಹಣೆಗೆ ದೇವರ ಅರಿಸಿನದ ಭಂಡಾರ ಹಚ್ಚಿದ ಒಂದು ದೊಡ್ಡ ಕುರಿ ಸಂದಿಗೆ ಬಂದಾಗ ಖಂಡೆಪ್ಪನ ಕೈ ಮೇಲಕ್ಕೆದ್ದು ನಿಂತಿತು. ಅದು ಹಾಯ್ದುಹೋಯಿತು. ಆಮೇಲೆ ಕೈ ಇಳಿಯಿತು, ಎರಡನೆಯ ಕುರಿಯ ಬೆನ್ನ ಮೇಲೆ, "ಒಂದು" ಎಂದ. ಮೂರನೆಯದಕ್ಕೆ "ಎರಡು." ಇತ್ತ ಬಸ್ಸಿನೊಳಗೆ, ಬಳೆಗೆ ಟಿಕೆಟ್ಟು ಸಿಕ್ಕಿಸಿಕೊಂಡ ಎಡಗೈಯಲ್ಲಿ, ಅವಳ ಹೆಬ್ಬೆರಳು ಯಾರೂ ಹೇಳದೆಯೇ ಅಪ್ಪನ ಜೊತೆ ಎಣಿಸುತ್ತಿತ್ತು. ಒಂದು ಎಂದಾಗ ಅದು ಕಿರುಬೆರಳಿನ ನಡುಗೆಣ್ಣಿನ ಮೇಲಿತ್ತು. ಬುಡದ ಗೆಣ್ಣಿನ ಮೇಲಲ್ಲ. ಅವಳು ಕೈಯನ್ನೇ ನೋಡಿದಳು. ಬುಡದ ಗೆಣ್ಣಿನ ಮೇಲಿನ ಶಾಯಿ ಬೆಳಿಗ್ಗೆ ಬರೆದ ಹಾಗೇ ಹೊಸದಾಗಿತ್ತು. ಉಳಿದ ಹನ್ನೊಂದರ ಶಾಯಿ ಹೆಬ್ಬೆರಳು ಉಜ್ಜಿ ಉಜ್ಜಿ ಮಸುಕಾಗಿತ್ತು.

"ಮಾಲಿಂಗಾ," ಎಂದಳು, "ಮೊದಲನೇದು ಯಾಕ ಎಣಿಸೂದಿಲ್ಲೋ ಅಪ್ಪ?"

"ಹಿಂದಕ್ಕಿಂದ ಹಂಗs ಐತೆಲ್ಲ. ಅದು ಬೀರಪ್ಪಂದು. ಸಾಲಿ ಕಲಿಸಿ ಕಲಿಸಿ ಮರತೇನು?" ಎಂದ ಮಾಲಿಂಗ. ಬಸ್ಸು ಹೊರಟಿತು. ಅಪ್ಪ ಸದ್ದಿನ ಕಡೆ ಕೈ ಎತ್ತಿ ಏನೋ ಹೇಳಿದ, ಇಂಜಿನ್ನಿನಲ್ಲಿ ಕೇಳಿಸಲಿಲ್ಲ.

ಮರೆತಿರಲಿಲ್ಲ, ಅದೇ ಕಷ್ಟ. ಐದು ವರ್ಷದವಳಿದ್ದಾಗ ಭಂಡಾರ ಹಚ್ಚಿದ ಕುರಿಯನ್ನು ಮುಟ್ಟಿ ಒಂದು ಎಂದಿದ್ದಳು. ಅಪ್ಪ, ಎಂದೂ ಕೈ ಎತ್ತದ ಅಪ್ಪ, ಬೆರಳ ಮೇಲೆ ಫಟ್ಟನೆ ಹೊಡೆದಿದ್ದ. ಅದನ್ನು ಎಣಿಸಿದರೆ ಹಿಂಡು ಕಡಿಮೆಯಾಗುತ್ತದೆ. ಬೆರಳ ಮೇಲೆ ಎಣಿಸುವಾಗಲೂ ಕಿರುಬೆರಳಿನ ಬುಡದ ಗೆಣ್ಣು ಕುಲದೇವರು ಬೀರಪ್ಪನದು, ಅದನ್ನು ಬಿಟ್ಟು ಅದರ ಮೇಲಿನದರಿಂದ ಶುರುಮಾಡಬೇಕು. ಅವಳು ಚೆನ್ನಾಗಿ ಕಲಿತಳು, ಎಷ್ಟು ಚೆನ್ನಾಗಿ ಎಂದರೆ ಒಂದನೇ ಇಯತ್ತೆಯಲ್ಲಿ ಮಾಸ್ತರು ಹತ್ತು ಹುಣಸೆಬೀಜ ಮುಂದಿಟ್ಟು ಎಷ್ಟು ಎಂದಾಗ ಒಂಬತ್ತು ಎಂದಳು. ಮತ್ತೆ ಎಣಿಸು. ಒಂಬತ್ತು. ಕಟ್ಟಿಗೆಯ ಪಟ್ಟಿ ಅದೇ ಬೆರಳುಗಳ ಮೇಲೆ ಬಿತ್ತು, ಕ್ಲಾಸು ನಕ್ಕಿತು, ಕುರುಬರ ಹುಡುಗಿಗೆ ಹತ್ತು ಬರುವುದಿಲ್ಲ ಎಂದು ಯಾರೋ ಅಂದರು. ಮನೆಯಲ್ಲಿ ಎಣಿಸಿದರೆ ಪೆಟ್ಟು, ಸಾಲಿಯಲ್ಲಿ ಎಣಿಸದಿದ್ದರೆ ಪೆಟ್ಟು. ಅವತ್ತು ಅವಳು ಕೈ ಬಿಟ್ಟು ಕಣ್ಣಿನಿಂದ ಎಣಿಸುವುದನ್ನು ಕಲಿತಳು, ಹಲಗೆ ಹಿಡಿದಳು, ಲೆಕ್ಕದಲ್ಲಿ ನೂರಕ್ಕೆ ನೂರು ತಂದಳು, ಬಿ.ಎಡ್. ಮಾಡಿದಳು. ಹಲಗೆಯ ಮೇಲೆ ಭಾಗಿಸಿದಷ್ಟು ದಿನ ಎಲ್ಲ ಸರಿಯಿತ್ತು. ಬೆರಳಿಗೆ ಬಂದ ದಿನ ಬೆರಳು ತನ್ನ ಹಳೆಯ ಬುದ್ಧಿಯನ್ನು ನಡೆಸಿತು. ಬರೆಯುವಾಗ ಪೆನ್ನು ಹನ್ನೆರಡೂ ಗೆಣ್ಣಿಗೆ ಬರೆಯುತ್ತಿತ್ತು, ಭಾಗಿಸುವಾಗ ಹೆಬ್ಬೆರಳು ಹನ್ನೊಂದನ್ನೇ ಮುಟ್ಟುತ್ತಿತ್ತು. ಬಸ್ಸಿನಲ್ಲಿ ಭಾಗಿಸಿದ ಪ್ರತಿ ಕೈಯ ಮೊದಲ ಸಂಖ್ಯೆ, ಪ್ರತಿಯೊಂದೂ, ಕೈ ಎತ್ತಿ ಹಾಯಲು ಬಿಟ್ಟ ಕುರಿ.

ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದೆ ಡೊಳ್ಳು ಬಡಿದ ಹಾಗೆ ಬಡಿಯತೊಡಗಿತು, ಕಸ್ತೂರಿಯ ತೊಡೆಯ ಮೇಲೆ ಕೈಯೂರಿ, "ಬಿಟ್ಟಾವ್ರೀ, ಬಿಟ್ಟು ಬಂದೀನಿ, ಅದರಾಗs ಐತಿ" ಎಂದಳು. ಕಸ್ತೂರಿ ಏನು ಬಿಟ್ಟಿರಿ, ಪರ್ಸೇ, ಎಂದು ಗಾಬರಿಯಾಗಿ ಸೀಟಿನ ಕೆಳಗೆ ಹುಡುಕಿದಳು. ದ್ರಾಕ್ಷಾಯಿಣಿ ನೀರಿನ ಬಾಟಲಿಯಿಂದ ಸೆರಗು ಒದ್ದೆ ಮಾಡಿಕೊಂಡು ಮಸುಕಾದ ಹನ್ನೊಂದನ್ನೂ ಉಜ್ಜಿ ತೆಗೆದಳು. ಇವತ್ತಿನ ಮೊದಲನೆಯದು ಹೇಗೂ ಬುಡದಲ್ಲಿ ಕೂತಿತ್ತು, ಅದು ಇರಲಿ. ಹಿಂದಿನ ಹನ್ನೊಂದು ಕೈಗಳ ಮೊದಲನೆಯವನ್ನು ನೆನೆಸಿಕೊಳ್ಳುತ್ತ ಹೋದಳು, ಎಲ್ಲವೂ ನೆನಪಿದ್ದವು. ಬೆಳಿಗ್ಗೆ ಹೊಸ ಪೆನ್ನಿನ ತುದಿಯಲ್ಲಿ ಮೊದಲು ಬರೆದದ್ದು, ಅದರ ರೂಪ ನೋಡಿ ಹಿಗ್ಗಿದ್ದು, ಅಂಥದ್ದನ್ನು ಯಾರು ಮರೆಯುತ್ತಾರೆ. ಎಣಿಸಿದ್ದೆಲ್ಲ ಮರೆತುಹೋಗಿದೆ, ಬಿಟ್ಟದ್ದೇ ನೆನಪಿದೆ. ಬಸ್ಸಿನ ಕುಲುಕಾಟದಲ್ಲಿ ಅಂಕಿಗಳು ಸೊಟ್ಟಗೆ ಬಂದವು. ಹನ್ನೊಂದು ಗೆಣ್ಣಿಗೆ ಹನ್ನೊಂದು, ಅಳೆದು ಇಟ್ಟ ಹಾಗೆ. ಇಷ್ಟು ಸರಿಯಾಗಿ ಕೂತದ್ದಕ್ಕೇ ಅವಳಿಗೆ ಕುಣಿಯಬೇಕೆನ್ನಿಸಿತು.

ಹತ್ತೊಂಬತ್ತು ಸಾವಿರದ ಒಂಬತ್ತು ಬಹಳ ಆಸೆ ತೋರಿಸಿತು. ಎಷ್ಟು ಚೆಂದದ ಸಂಖ್ಯೆ, ಇದೇ ಇರಬೇಕು ಎಂದು ಉಸಿರು ಬಿಗಿಹಿಡಿದು ಭಾಗಿಸಿದಳು. ಕಡೆಗೆ ಎಂಟು ಸಾವಿರದ ನಾನೂರ ನಲವತ್ತೊಂಬತ್ತು ಉಳಿದು ಕಿಸಕ್ಕನೆ ನಕ್ಕಿತು. ಅದರ ಹಿಂದಿನದು ಆಗಲಿಲ್ಲ. ಅದರ ಹಿಂದಿನದೂ. ಹುಕ್ಕೇರಿಯ ಮೊದಲ ಮನೆಗಳು ಬಂದವು, ಬಾಳೆಹಣ್ಣಿನ ಗಾಡಿಗಳು, ಕಸ್ತೂರಿ ಎದ್ದು ಚೀಲ ಇಳಿಸಿಕೊಂಡಳು. ಬಸ್ಸಿನಿಂದ ಇಳಿಯುವಾಗ ಮೂರು ಉಳಿದಿದ್ದವು, ಹಾಲಿನ ಮೆಟ್ಟಿಲು ಹತ್ತುವಾಗ ಒಂದು. ಹಾಜರಿಯ ಹಾಳೆಗೆ ಬಲಗೈಯಿಂದ ಸಹಿ ಮಾಡುತ್ತಲೇ ಎಡಗೈಯ ತೋರುಬೆರಳಿನ ತುದಿಯದನ್ನು ಮುಗಿಸಿದಳು. ಶೇಷ. ಎಲ್ಲಕ್ಕೂ ಶೇಷ. ಕಾಲಿನ ಕೆಳಗಿನ ಪರಸಿಕಲ್ಲು ತಣ್ಣಗಿತ್ತು. ಹಾಗಾದರೆ ಎದೆ ಅಷ್ಟು ಬಡಿದುಕೊಂಡದ್ದು ಸುಳ್ಳೇ. ಅವಳಿಗೆ ಅಳು ಬಂತು, ಒಂದು ಸಂಖ್ಯೆಗಾಗಿ ಮೂವತ್ತೊಂಬತ್ತು ವರ್ಷದ ಹೆಂಗಸು ಅಳುತ್ತಾಳೆಯೇ ಎಂದುಕೊಂಡು ಮುಂದಿನ ಸಾಲಿನಲ್ಲಿ ಹೋಗಿ ಕೂತಳು.

ಕಾಶಿನಾಥ ಸರ್ ಬೆಳಗಿನ ಪಾಠವನ್ನು ಎಷ್ಟು ಎಳೆದರೆಂದರೆ ಜನ ಆಕಳಿಸಿದರು. ಕಡೆಗೆ ಹಿಂದಿನಿಂದ ಯಾರೋ, "ಸರ್, ಹನ್ನೊಂದು ಒಂದಿಂದು ಏನಾತ್ರಿ?" ಎಂದರು. ಒಂದಷ್ಟು ನಗೆ. ಕಾಶಿನಾಥ ಸರ್ ನಗಲಿಲ್ಲ. ಮೊಬೈಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟು, ಅದರ ಮೇಲೆ ಡಸ್ಟರ್ ಇಟ್ಟರು. "ಟೀಚರ, ಒಡೀತೇನ್ರಿ?"

"ಇಲ್ರಿ ಸರ್," ಎಂದಳು ಅವಳು ಎದ್ದು ನಿಂತು. "ಇಪ್ಪತ್ತೆರಡು ಸಾವಿರದ ಮಟ ಎಲ್ಲಾ ನೋಡೀನಿ. ಒಡೀಲಿಲ್ಲ. ನೀವs ಹೇಳ್ರಿ."

ಅವರು ಡಸ್ಟರಿಗೆ ಕೈ ಹಾಕಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಹಣೆಯ ಮೇಲೆ ಬೆವರಿತ್ತು. "ಗಂಟಿ ಇನ್ನೂ ಹೊಡದಿಲ್ಲ. ನೀವು ಹಲಗಿ ಮ್ಯಾಲ ಒಮ್ಮೆ ಬರೀರಿ ಅದನ್ನ. ಎಲ್ಲಾರಿಗೂ ಕಾಣ್ಲಿ."

ಇದೂ ಒಂದು ಅವಮಾನ ಬೇಕಿತ್ತು, ಬರೆಸಿ ಆಮೇಲೆ ಹೇಳುತ್ತಾರೆ. ಹೋಗಿ ಸೀಮೆಸುಣ್ಣ ತೆಗೆದುಕೊಂಡು ಒಂದುಗಳನ್ನು ನಿಲ್ಲಿಸುತ್ತ ಹೋದಳು, ಒಂದರ ಪಕ್ಕ ಒಂದು, ಅವಸರದಲ್ಲಿ ಕೆಲವು ವಾಲಿದವು. ಹನ್ನೊಂದು ಆದವೋ, ಹೆಚ್ಚಾದವೋ. ಹಲಗೆಗೆ ಬೆನ್ನು ಮಾಡದೆ, ಎಡಗೈಯನ್ನು ಎದೆಯ ಹತ್ತಿರ ಹಿಡಿದು ಎಣಿಸಿದಳು. ಒಂದು, ಎರಡು, ಮೂರು, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಏರಿತು, ಇಳಿಯಿತು, ಏರಿತು. ಹನ್ನೊಂದು ಎನ್ನುವಾಗ ತೋರುಬೆರಳಿನ ತುದಿಯ ಮೇಲೆ ನಿಂತಿತು. ಕೈ ಮುಗಿದಿತ್ತು, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ. ಹನ್ನೆರಡು ಗೆಣ್ಣಿನ ಕೈಯಲ್ಲಿ ಹನ್ನೊಂದು. ಅವಳ ಕಣ್ಣು ತಾನಾಗಿ ಕೆಳಗೆ ಇಳಿಯಿತು, ಕಿರುಬೆರಳಿನ ಬುಡಕ್ಕೆ. ಅಲ್ಲಿ 21649 ಇತ್ತು, ಬೆಳಿಗ್ಗೆ ರೊಟ್ಟಿ ಹೊತ್ತುವಾಗ ಬರೆದದ್ದು, ಯಾರೂ ಮುಟ್ಟದ ನೀಲಿ. ಬಿಟ್ಟದ್ದನ್ನು ಹುಡುಕುವ ಭರದಲ್ಲಿ ಮತ್ತೆ ಬಿಟ್ಟಿದ್ದಳು. ಅಯ್ಯೋ ನನ್ನ ಶಿವನೇ ಅಂದುಕೊಂಡಳು.

"ಸರ್, ಒಂದು ನಿಮಿಷ," ಎಂದಳು. ಸಂಖ್ಯೆಯ ಎಡಕ್ಕೆ 21649 ಬರೆದು ಭಾಗಾಕಾರದ ಗೆರೆ ಎಳೆದಳು.

ಆರು ಒಂದುಗಳನ್ನು ತೆಗೆದುಕೊಂಡಳು. ಐದು ಸಲ ಹೋಯಿತು, 2866 ಉಳಿಯಿತು. ಮೇಲಿನಿಂದ ಒಂದನ್ನು ಇಳಿಸಿದಳು. ಒಂದು ಸಲ, 7012. ಇನ್ನೊಂದನ್ನು ಇಳಿಸಿದಳು; ಮೂರು ಸಲ, 5174. ಇದುವರೆಗೆ ಏನೂ ಗೊತ್ತಾಗುವುದಿಲ್ಲ, ಅದು ಅವಳಿಗೆ ಗೊತ್ತು. ಭಾಗಾಕಾರ ಕಡೆಯ ಹೆಜ್ಜೆಯ ತನಕ ಮುಖ ತೋರಿಸುವುದಿಲ್ಲ, ನೂರಾರು ಸಲ ಹೀಗೇ ಮೋಸ ಹೋಗಿದ್ದಾಳೆ. ಎರಡು ಸಲ, 8443. ಸೀಮೆಸುಣ್ಣ ಮುರಿಯಿತು, ತುಂಡಿನಲ್ಲೇ ಬರೆದಳು. ಮೂರು ಸಲ, 19484. ಇನ್ನು ಮೇಲೆ ಒಂದೇ ಒಂದು ಉಳಿದಿತ್ತು. ಅದನ್ನು ಇಳಿಸಿದಾಗ 194841 ಆಯಿತು. ಅವಳು ನಿಂತಳು. ಒಂಬತ್ತು ಒಂಬತ್ತಲೇ ಎಂಬತ್ತೊಂದು, ಕಡೆಯಲ್ಲಿ ಒಂದು ಬರುತ್ತದೆ. ಎಂಟು ಕೈಯಲ್ಲಿ. ಒಂಬತ್ತು ನಾಲ್ಕಲೇ ಮೂವತ್ತಾರು, ಎಂಟು ಕೂಡಿದರೆ ನಲವತ್ತನಾಲ್ಕು, ನಾಲ್ಕು. ಬರುತ್ತಿದೆ. ಒಂಬತ್ತಾರಲೇ ಐವತ್ತನಾಲ್ಕು, ನಾಲ್ಕು ಕೂಡಿದರೆ ಐವತ್ತೆಂಟು, ಎಂಟು. ಬರುತ್ತಿದೆ, ಬರುತ್ತಿದೆ. ಒಂಬತ್ತು, ಐದು, ಹದಿನಾಲ್ಕು, ನಾಲ್ಕು. ಒಂಬತ್ತೆರಡಲೇ ಹದಿನೆಂಟು, ಒಂದು, ಹತ್ತೊಂಬತ್ತು. ಮೇಲೆ 194841, ಕೆಳಗೆ 194841. ಗೆರೆ ಎಳೆದಳು. ಗೆರೆಯ ಕೆಳಗೆ ಒಂದು ಸೊನ್ನೆ ಬರೆದಳು, ದೊಡ್ಡದಾಗಿ, ಅಂಗೈಯಷ್ಟು. ಮೇಲೆ ಭಾಗಲಬ್ಧ ನಿಂತಿತ್ತು, 513239. ಬಾಗಿಲು ಒಳಗಿನಿಂದಲೇ ತೆರೆದುಕೊಂಡಿತ್ತು. ಅವಳಿಗೆ ಜೋರಾಗಿ ನಗಬೇಕೆನ್ನಿಸಿತು, ಅಷ್ಟರಲ್ಲಿ ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂದಿತ್ತು.

"ಸರ್, ಮೊಬೈಲ್ ನೋಡ್ರಿ, ಸರಿ ಐತೇನು," ಎಂದರು ಯಾರೋ.

"ನೋಡೂದ ಏನೈತ್ರಿ," ಎಂದರು ಕಾಶಿನಾಥ ಸರ್. "ಹ್ವಾದ ತಿಂಗಳ ಅವತ್ತs ಮನಿಗೆ ಹೋಗಿ ನೋಡೀನಿ. ಟೀಚರ ಹೇಳಬ್ಯಾಡ ಅಂದಿದ್ರು, ಮನ್ಯಾಗ ನಮ್ಮ ಹೆಂಡತಿಗೂ ಹೇಳಿಲ್ಲ. ಇಪ್ಪತ್ತೆರಡು ಸಾವಿರ ದಾಟೀನಿ, ಒಡೀಲಿಲ್ಲ ಅಂದ್ರಲ್ಲ ಈಗ, ನನಗ ಜೀವ ಬಾಯಿಗೆ ಬಂದಿತ್ತು. ಬಾಯಿ ಬಿಡಂಗಿಲ್ಲ, ಬಿಡದs ಇರಂಗಿಲ್ಲ."

ಆ ತುಟಿ ಓರೆಯಾಗಿಯೇ ಇತ್ತು. ಅವರ ತುಟಿ ಇರುವುದೇ ಹಾಗೆ ಎಂದು ಅವಳಿಗೆ ಈಗ ಕಂಡಿತು. ಒಂದು ತಿಂಗಳು ಆ ಮನುಷ್ಯನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದಳೋ. ಊಟದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಕಸ್ತೂರಿ ಎರಡನೆಯ ಸಾಲಿನಿಂದ ಸೇಂಗಾದ ಪೊಟ್ಟಣ ಹಿಡಿದ ಕೈಯನ್ನೇ ಎತ್ತಿ ಬೀಸುತ್ತಿದ್ದಳು.

ದ್ರಾಕ್ಷಾಯಿಣಿ ಹಲಗೆಯ ಕಡೆ ತಿರುಗಿದಳು. ಅಪ್ಪನ ಪೆಟ್ಟು ಈಗ ಬೀಳುತ್ತದೆಯೋ ಎನ್ನುವಂತೆ ಬೆರಳು ಒಂದು ಸಲ ತಾನಾಗಿ ಮುದುಡಿತು. ಬೀರಪ್ಪನ ಕುರಿಯನ್ನು ಎಣಿಸಿದ್ದಳು, ಎಣಿಸಿದ್ದಲ್ಲದೆ ಇಷ್ಟು ಜನರ ಮುಂದೆ ಬರೆದು ತೋರಿಸಿದ್ದಳು. ತಪ್ಪಾಯಿತೇ. ತಪ್ಪಾಗಿದ್ದರೆ ಈ ಹಿಗ್ಗು ಎಲ್ಲಿಂದ ಬಂತು. ಸಂಜೆ ಘೋಡಗೇರಿಯ ದಾರಿ ಕೂಡುವಲ್ಲಿ ಬಸ್ಸಿಳಿದು ಅಪ್ಪನ ಮುಂದೆ ಕೂತು ಎಲ್ಲ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು. ಅವಳು ಎಡಗೈ ಬಿಡಿಸಿದಳು. ಜನ ನೋಡುತ್ತಿದ್ದಾರೆಂಬುದು ಮರೆತುಹೋಗಿತ್ತು. ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ತಂದು, ಐದನೇ ವರ್ಷದ ಆ ಪೆಟ್ಟಿನ ನಂತರ ಮೊದಲ ಸಲ ಅಲ್ಲಿಂದ ಶುರುಮಾಡಿ, ಹಲಗೆಯ ಮೇಲಿನ ಒಂದುಗಳನ್ನು ಎಣಿಸಿದಳು. ಹನ್ನೊಂದು ಎಂದಾಗ ಹೆಬ್ಬೆರಳು ತೋರುಬೆರಳಿನ ನಡುಗೆಣ್ಣಿನ ಮೇಲಿತ್ತು. ತುದಿಯದು ಉಳಿದಿತ್ತು. ಅದನ್ನು ಬೀರಪ್ಪನಿಗೆ ಬಿಟ್ಟಳು.